ನಾಯಕ ಚೆನ್ನಾಗಿ ನಟಿಸಿದ್ದೇ ನನಗೆ ಮುಳುವಾಯಿತು

ಹೋದ ಬೇಸಿಗೆಯಲ್ಲಿ ನಾನೊಂದು ಚಾಡಿ ಹೇಳಿದೆ. ಹುಕ್ಕೇರಿಯಲ್ಲಿ ನನ್ನ ಹೆಂಡತಿಯ ಅಣ್ಣ ಮನೆ ಕಟ್ಟಿಸುತ್ತಿದ್ದ. ಬಾಗಿಲಿನ ಕೆಲಸವನ್ನು ಮೂಡಲಗಿಯ ನನ್ನ ಬಡಿಗ ಗೆಳೆಯನಿಗೆ ಕೊಡಲೇ ಎಂದು ಕೇಳಿದಾಗ, "ಬ್ಯಾಡ್ರಿ, ಹಸಿ ಕಟ್ಟಿಗಿ ಹಾಕ್ತಾನ, ಮಳಿಗಾಲದಾಗ ಬಾಗಲಾ ಉಬ್ಬತಾವು" ಅಂದುಬಿಟ್ಟೆ. ಒಂದನೇ ಇಯತ್ತೆಯಿಂದ ನನ್ನ ಬಾಜೂ ಕೂತವನು ಅವನು; ಅವನ ಮನೆಯ ಶಾವಿಗೆ-ಹಾಲಿನ ಸುರಕುಂಬಾ ಕುಡಿಯದೆ ನನಗೆ ರಂಜಾನ್ ಮುಗಿಯುವುದಿಲ್ಲ. ಅವನು ಮಾಡಿದ ಬಾಗಿಲು ಉಬ್ಬಿದ್ದು ಖರೆ. ಆದರೆ ಒಂದೇ ಒಂದು, ಅದೂ ನಮ್ಮ ಬಚ್ಚಲಿನದು.

ವಾರದ ನಂತರ ಮೊಬೈಲಿಗೆ ಅವನ ವಾಯ್ಸ್ ಮೆಸೇಜ್ ಬಂತು: "ಐತವಾರ ಗೋಕಾಕಕ್ಕ ಸಿನಿಮಾಕ್ಕ ಹೋಗೂನು. ಬಾ ನೀ, ನಿನ್ನ ನೋಡ್ಕೋತೇನಿ."

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು ನಾನು. ನೋಡಿಕೊಳ್ಳುವುದೆಂದರೆ ಆರೈಕೆ ಮಾಡುವುದು. ಒಂದು ಗತಿ ಕಾಣಿಸುವುದೂ ಹೌದು. ಯಾವುದೆಂದು ಆಡಿದವನ ಮುಖ ಹೇಳುತ್ತದೆ. ಮೊಬೈಲಿನಲ್ಲಿ ಮುಖ ಎಲ್ಲಿಂದ ತರಲಿ? ಹನ್ನೊಂದು ಸಲ ಕೇಳಿದೆ. ಐದು ಸಲ ಪ್ರೀತಿ ಕೇಳಿಸಿತು, ಆರು ಸಲ ಬೆದರಿಕೆ.

"ಯಾರದ್ರಿ ಅದು, ಮತ್ತ ಮತ್ತ ಹಚ್ಚಾಕತ್ತೀರಿ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಅವಳಿಗೂ ಸಂಶಯ ಹತ್ತಿತು, ಬೇರೆ ಬಗೆಯದು.

ಭಾನುವಾರ ಅವನ ಬೈಕಿನ ಹಿಂದೆ ಕೂತೆ. ಮಸಗುಪ್ಪಿ ದಾಟಿದರೂ ಮಾತಿಲ್ಲ. ಬಾಯಲ್ಲಿ ಎಲೆಅಡಿಕೆ ಇತ್ತು, ನಿಜ. ಆದರೆ ಎಲೆಅಡಿಕೆ ಹಾಕಿಕೊಂಡೇ ಊರಿನ ಸುದ್ದಿಯೆಲ್ಲ ಹೇಳುವ ಮನುಷ್ಯ ಅವನು.

ಚಿತ್ರ ಸೇಡಿನದು ಎಂದು ಪೋಸ್ಟರ್ ನೋಡಿದ ಮೇಲೆ ತಿಳಿಯಿತು. ಕಥೆ ಸವೆದದ್ದು: ಗೆಳೆಯನೇ ಮೋಸ ಮಾಡುತ್ತಾನೆ, ತಮ್ಮ ಸಾಯುತ್ತಾನೆ, ನಾಯಕ ಜೈಲಿನಿಂದ ಬಂದು ಒಬ್ಬೊಬ್ಬರನ್ನೇ ಮುಗಿಸುತ್ತಾನೆ. ಗಾಳಿಯಲ್ಲಿ ಹಾರಿ ಹೊಡೆಯುವ ನಾಯಕನಾಗಿದ್ದರೆ ನಕ್ಕು ಹಗುರಾಗುತ್ತಿದ್ದೆ. ನನ್ನ ದುರ್ದೈವ, ಇವನು ನಟ. ನನ್ನಷ್ಟೇ ವಯಸ್ಸು, ಸ್ವಲ್ಪ ಹೊಟ್ಟೆ. ತಮ್ಮನ ಹೆಣದ ಮುಂದೆ ಅಳಲಿಲ್ಲ. ಹಗ್ಗದ ಮೇಲೆ ಒಣಗುತ್ತಿದ್ದ ತಮ್ಮನ ಅಂಗಿ ತೆಗೆದು, ಮಡಚಿ, ಎಲ್ಲಿಡಬೇಕೆಂದು ತಿಳಿಯದೆ ನಿಂತ. ಮೊದಲನೆಯವನನ್ನು ಹೊಡೆದ ಮೇಲೆ ತನ್ನ ಕೈ ನೋವಿಗೆ ತಾನೇ ಮುಖ ಕಿವುಚಿದ. ಹೊಡೆತಗಳೆಲ್ಲ ಹಳೆಯವೇ, ಆ ಕೈಗಾದ ನೋವು ಮಾತ್ರ ಹೊಸದು. ಅವನು ಸಿಟ್ಟನ್ನು ತೋರಿಸುವುದಕ್ಕಿಂತ ಬಚ್ಚಿಡುತ್ತಿದ್ದ, ಹಾಗಾಗಿ ಇಂಥ ಸೇಡು ನಿಜಕ್ಕೂ ಇರಬಹುದು ಎನಿಸಿತು. ನಂಬುತ್ತ ನಂಬುತ್ತ ನಾನು ಕುರ್ಚಿಯಲ್ಲಿ ಇಳಿಯುತ್ತ ಹೋದೆ.

ಇಂಟರ್‌ವಲ್ಲಿನಲ್ಲಿ ಗೆಳೆಯ ಮಿರ್ಚಿ ಭಜಿ ತಂದ.

"ತಿನ್ನಲೇ. ಯಾಕ ಬೆವರಾಕತ್ತಿ?"

"ಸೆಕಿ."

"ಏಸಿ ಐತೆಲ್ಲೋ ಮಾಸ್ತರ! ಮೋಸ ಮಾಡಿದವನ ಮುಂದ ಸುಮ್ನ ಕುಂತಾನ ನೋಡು, ಅದು ಖರೇ ಆ್ಯಕ್ಟಿಂಗ್" ಎಂದು ಹೇಳಿ, ನನ್ನ ಮುಂದೆ ಸುಮ್ಮನೆ ಕೂತ.

ಕೊನೆಗೆ ತೆರೆಯ ಮೇಲೆ ದ್ರೋಹಿ ಗೆಳೆಯ ಮೊಣಕಾಲೂರಿದ. ನಾಯಕ ಇನ್ನೂ ಕೈ ಎತ್ತಿರಲಿಲ್ಲ, ಹಳೆಯ ಗುರುತು ಹುಡುಕುವವನಂತೆ ಅವನನ್ನೇ ನೋಡಿದ. ನನಗೆ ತಡೆಯಲಾಗಲಿಲ್ಲ.

"ಬಾಗಲದ ಮಾತು ನಾನ ಹೇಳಿದ್ದಲೇ."

"ಗೊತ್ತೈತಿ. ಸುಮ್ಕಿರು, ಫೈಟ್ ಬಂತು."

ಹೊರಗೆ ಚಹಾ ಕುಡಿಯುವಾಗ ತಾನೇ ಬಾಯಿಬಿಟ್ಟ. "ನಿನ್ನೆ ಹುಕ್ಕೇರಿಗಿ ಹೋಗಿದ್ದೆ. ಕಟ್ಟಿಗಿ ನಮ್ಮ ಮಾಸ್ತರ ನಿಂತು ಆರಿಸ್ತಾರ, ಉಬ್ಬಿದ್ರ ಅವರನ್ನ ಕೇಳ್ರಿ ಅಂದೆ. ಎಲ್ಲಾ ಬಾಗಲಾ ನನಗ ಕೊಟ್ರು."

"ನನಗೇನು ತಿಳೀತೈತೋ ಕಟ್ಟಿಗಿ?"

"ಹಸಿ ಯಾವುದು ಅಂತ ಊರೆಲ್ಲಾ ಹೇಳ್ಕೋತ ಹೊಂಟೀಯಲ್ಲ!" ನಕ್ಕ. ಆಮೇಲೆ ನಗು ನಿಲ್ಲಿಸಿ, "ಬಂದು ನನಗ ಹೇಳಬೇಕಿತ್ತು ನೀ" ಅಂದ.

ಎರಡು ದಿನ ಕಟ್ಟಿಗೆ ಅಡ್ಡೆಯಲ್ಲಿ ನಿಂತು, ತಿಳಿದವನಂತೆ ಹಲಗೆಗಳನ್ನು ಬಡಿದು ಬಡಿದು ಆರಿಸಿದೆ. ಅವನು ಪಕ್ಕದಲ್ಲಿ ಗಂಭೀರವಾಗಿ ತಲೆ ಆಡಿಸುತ್ತಿದ್ದ. ಒಳ್ಳೆಯದನ್ನೇ ಆರಿಸಲು ಬಿಟ್ಟನೋ, ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಈಗ ಮಳೆ ಹಿಡಿದಿದೆ. ಹುಕ್ಕೇರಿಗೆ ಹೋದಾಗಲೆಲ್ಲ ಬಾಗಿಲು ಎಳೆದು, ತಳ್ಳಿ, ಚೌಕಟ್ಟಿನ ಮೇಲೆ ಬೆರಳಾಡಿಸುತ್ತೇನೆ.

"ಒಳಗ ಬರ್ರಿ ಅಣ್ಣಾರ," ಅನ್ನುತ್ತಾಳೆ ಹೆಂಡತಿಯ ಅತ್ತಿಗೆ, "ಬಾಗಲಕ್ಕ ದೃಷ್ಟಿ ತಗ್ಯಾಕ ಬಂದೀರೇನು?"