ಬೈಗುಳದ ಪಟ್ಟಿ

ಮಂತ್ರಿಗಳು ನಮ್ಮ ಸಾಹೇಬರನ್ನು ಯಾವ ಯಾವ ವಿಷಯಕ್ಕೆ ಬೈಯಬೇಕು ಎಂಬ ಪಟ್ಟಿಯನ್ನು ಬರೆದುಕೊಡುವವಳು ನಾನು. ಯಾವ ಇಲಾಖೆ, ಯಾವ ಮಂತ್ರಿ ಎಂದು ಕೇಳಬೇಡಿ, ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆ. ರೋಣದ ಕಡೆಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಹಾಸ್ಟೆಲ್ಲುಗಳ ಕಡತಗಳು ನನ್ನ ಮೇಜಿನ ಮೇಲಿರುತ್ತವೆ. ಅಷ್ಟು ಸಾಕು.

ಮಂತ್ರಿಗಳ ಜನಸಂಪರ್ಕ ಸಭೆಯ ಹಿಂದಿನ ದಿನ ಮಧ್ಯಾಹ್ನ ಅವರ ಆಪ್ತ ಸಹಾಯಕರ ಫೋನು ಬರುತ್ತದೆ.

"ಅಕ್ಕಾರ, ನಾಳೆ ಯಾತಕ್ಕ ಬೈಬೇಕ್ರಿ?"

ನಾನು ಮೂರು ವಿಷಯ ಬರೆದು ಸಾಹೇಬರ ಸಹಿ ಮಾಡಿಸಿ ಕಳಿಸುತ್ತೇನೆ. ಮೂರೂ ಮುಗಿದ ಕೆಲಸಗಳೇ. ರಿಪೇರಿಯಾದ ನಲ್ಲಿ, ಬಂದಿಳಿದ ಮಂಚಗಳು, ಸುಣ್ಣ ಹಚ್ಚಿದ ಕಾಂಪೌಂಡು. ಮರುದಿನ ಮಂತ್ರಿಗಳು ಚೀಟಿ ನೋಡಿ ಮೈಕಿನಲ್ಲಿ ಗುಡುಗುತ್ತಾರೆ. ಸಾಹೇಬರು ತಲೆ ತಗ್ಗಿಸಿ ನಿಂತು, ಸರಿಯಾದ ಹೊತ್ತಿಗೆ "ಮಾಡೇವ್ರಿ ಸರ್" ಎನ್ನುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಬೈದು ಕೆಲಸ ಮಾಡಿಸಿದರು ಎಂದು ಅವರಿಗೆ ಹೆಸರು, ಬೈದರೂ ಏನೂ ಬಾಕಿಯಿಲ್ಲವೆಂದು ಇವರಿಗೆ ನೆಮ್ಮದಿ. ಆಮೇಲೆ ಪ್ರವಾಸಿ ಮಂದಿರದ ಒಳಕೋಣೆಯಲ್ಲಿ ಇಬ್ಬರೂ ಕೂತು ಮಿರ್ಚಿ ಭಜಿ ತಿನ್ನುತ್ತಾರೆ. ಒಂದು ಸಲ ಸಾಹೇಬರು ಹೊರಗೆ ಬಂದು, "ಸರ್ ಇವತ್ತ ಭಾಳ ಮೆತ್ತಗ ಬೈದ್ರು, ಮೈಯಾಗ ಆರಾಮಿಲ್ಲೋ ಏನೋ" ಎಂದು ಕಾಳಜಿ ಮಾಡಿದ್ದರು.

ಇಂಥ ಪಟ್ಟಿಗೆ ಕಳೆದ ವರ್ಷ ನಾನು ನಾಲ್ಕನೆಯ ವಿಷಯ ಸೇರಿಸಿದೆ.

ಮುಶಿಗೇರಿಯ ಒಬ್ಬ ಹೆಣ್ಣುಮಗಳು. ಕೂಲಿ ಮಾಡುವವಳು, ಹೊಲದ ಕೆಲಸ ಮುಗಿದ ಕೂಡಲೇ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಮಂಗಳೂರಿಗೆ ಹೋಗುವವಳು. ಮಗಳು ಎಂಟನೆಯ ಇಯತ್ತೆ. ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕರೆ ಸಾಲೆ, ಸಿಗದಿದ್ದರೆ ಅವರ ಜೊತೆ ಮಂಗಳೂರು. ಸೀಟುಗಳು ತುಂಬಿದ್ದವು. ಕಾಯುವ ಪಟ್ಟಿಯಲ್ಲಿ ಆ ಹುಡುಗಿಯದೇ ಮೊದಲ ಹೆಸರು. ತಾಯಿ ವಾರಕ್ಕೆರಡು ಸಲ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. "ಏನಾರ ಆತೇನ್ರಿ ಅಕ್ಕಾರ?" ಆಗಿಲ್ಲ ಎಂದು ಹೇಳಿ ಹೇಳಿ ನನಗೇ ತಲೆ ಕೆಟ್ಟಿತು. ಸಾಹೇಬರನ್ನು ಕೇಳಿದರೆ, ಹೆಚ್ಚಿನ ಸೀಟು ಬೇಕಾದರೆ ಮಂತ್ರಿಗಳೇ ಹೇಳಬೇಕು ಎಂದರು. ಸರಿ, ಮಂತ್ರಿಗಳ ಬಾಯಿಂದಲೇ ಹೇಳಿಸುತ್ತೇನೆ ಎಂದುಕೊಂಡೆ. ನಾಲ್ಕನೆಯ ಸಾಲು ಬರೆದೆ. ಸಾಹೇಬರು ಎಂದಿನಂತೆ ಓದದೆ ಸಹಿ ಮಾಡಿದರು.

ಮಂತ್ರಿಗಳು ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಒಳ್ಳೆ ಭರದಲ್ಲಿದ್ದರು. "ಕೂಲಿ ಮಾಡವ್ರ ಮಗಳಿಗೆ ಒಂದ್ ಸೀಟ್ ಕೊಡಾಕ ಆಗೂದಿಲ್ಲೇನ್ರಿ ನಿಮಗ? ಮನಷ್ಯಾರದೀರೋ ಏನ್ ಕಲ್ಲದೀರಿ?"

ಸಾಹೇಬರು ತಲೆಯೆತ್ತಿದರು. "ಕೊಟ್ಟೇವ್ರಿ ಸರ್. ನಿನ್ನೆನ ಕೊಟ್ಟೇವಿ."

ಚಪ್ಪಾಳೆಯೋ ಚಪ್ಪಾಳೆ. ಹಿಂದೆ ನಿಂತಿದ್ದ ತಾಯಿ ಎರಡೂ ಕೈ ಎತ್ತಿ ಮುಗಿದಳು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ತುಂಬಿದ ಸಭೆಯಲ್ಲಿ ಒಪ್ಪಿಕೊಂಡ ಮೇಲೆ ಕೊಡದೆ ಎಲ್ಲಿ ಹೋಗುತ್ತಾರೆ ಎಂದು ಖುಷಿಯಲ್ಲಿ ಕಚೇರಿಗೆ ಬಂದು, ಅರ್ಜಿಯ ಮೇಲೆ "ಇತ್ಯರ್ಥ" ಎಂದು ಬರೆದು, ಕಾಯುವ ಪಟ್ಟಿಯಲ್ಲಿದ್ದ ಅವಳ ಹೆಸರನ್ನು ಕೆಂಪು ಪೆನ್ನಿನಿಂದ ನಾನೇ ಹೊಡೆದು ಹಾಕಿದೆ.

ಪಟ್ಟಿಯಲ್ಲಿ ಇರುವುದೆಲ್ಲ ಮುಗಿದ ಕೆಲಸ ಎಂಬ ನಿಯಮ ಇಷ್ಟು ವರ್ಷ ಪಟ್ಟಿ ಬರೆದ ನನಗೇ ನೆನಪಾಗಲಿಲ್ಲ. ಸಾಹೇಬರಿಗೆ ಅದು ಚೆನ್ನಾಗಿ ನೆನಪಿತ್ತು. ಅವರು ಸೀಟು ಕೊಟ್ಟಾಗಿದೆ ಎಂದೇ ತಿಳಿದಿದ್ದರು.

ಮರುದಿನ ಹಾಸ್ಟೆಲ್ಲಿನ ಒಬ್ಬ ಹುಡುಗಿಗೆ ನರಗುಂದದಲ್ಲಿ ಸೀಟು ಸಿಕ್ಕಿ ಇಲ್ಲಿಯದು ತೆರವಾಯಿತು. ವಾರ್ಡನ್ ಕಾಯುವ ಪಟ್ಟಿಯಲ್ಲಿ ಮೊದಲು ಉಳಿದ ಹೆಸರನ್ನು ನೋಡಿ, ಅಬ್ಬಿಗೇರಿಯ ಹುಡುಗಿಯನ್ನು ಸೇರಿಸಿಕೊಂಡರು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಸೋಮವಾರ ತಾಯಿ, ಮಗಳು ಟ್ರಂಕು ಹಿಡಿದು ಹಾಸ್ಟೆಲ್ಲಿಗೆ ಹೋಗಿ, ಸೀಟಿಲ್ಲವೆಂದು ವಾಪಸಾಗಿ ನಮ್ಮ ಕಚೇರಿಗೆ ಬಂದರು. ನಾನು ಸಾಹೇಬರ ಕೋಣೆಗೆ ಓಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ನಿಮಗ ತಲಿ ನೆಟ್ಟಗೈತೇನ್ರಿ?" ಎಂದರು. "ಕೊಟ್ಟೇವಿ ಅಂತ ಸಭೆಯ ನಡಾವಳ್ಯಾಗ ಐತಿ, ಪೇಪರಿನ್ಯಾಗ ಬಂದೈತಿ. ಒಂದ್ ಹುಡುಗಿಗೆ ಎರಡ್ ಸೀಟ್ ಕೊಡಾಕ ನಿಯಮ ಎಲ್ಲೈತ್ರಿ?"

ಆಪ್ತ ಸಹಾಯಕರಿಗೆ ಫೋನು ಮಾಡಿದೆ. ಅವರು ಸಮಾಧಾನದಿಂದಲೇ ಮಾತಾಡಿದರು. "ಆಗಿದ್ದಕ್ಕ ಮತ್ತ ಆದೇಶ ಹ್ಯಾಂಗ ಕೊಡಸೂದ್ರಿ ಅಕ್ಕಾರ? ಸರ್ ಹೇಳಿದ್ದು ಸುಳ್ಳ ಅಂತ ಬರದಂಗ ಆಗೂದಿಲ್ಲೇನ್ರಿ?"

ಹೊರಗೆ ಬಂದು ಮೆಟ್ಟಿಲ ಮೇಲೆ ಆ ತಾಯಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಚೀಟಿ ಬರೆದದ್ದು, ಹೆಸರು ಹೊಡೆದದ್ದು, ಸೀಟು ತೆರವಾದದ್ದು. ಅವಳು ಅರ್ಥವಾಗುವ ತನಕ ಎರಡು ಸಲ ಹೇಳಿಸಿಕೊಂಡಳು.

"ಹಂಗಾರ ಮಂತ್ರಿ ಸುಮ್ನ ಇದ್ದಿದ್ರ ನಮ್ಮ ಹುಡುಗಿಗೆ ಸಿಗತಿತ್ತೇನ್ರಿ?"

"ಸಿಗತಿತ್ತು" ಎಂದೆ.

ಮಗಳು ಟ್ರಂಕಿನ ಮೇಲೆ ಕೂತು ನಮ್ಮಿಬ್ಬರ ಮುಖ ನೋಡುತ್ತಿದ್ದಳು. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಯಾರಾದರೂ ನಾಲ್ಕು ಮಂದಿಯೆದುರು ನನ್ನ ಜನ್ಮ ಜಾಲಾಡಿದರೆ ಸಾಕು ಅನ್ನಿಸಿತ್ತು.

"ನನಗ ಬೈ ತಾಯಿ" ಎಂದೆ. "ಬಾಯಿಗೆ ಬಂದಂಗ ಬೈ."

"ಬ್ಯಾಡ್ರಿ ಅಕ್ಕಾರ" ಎಂದಳು. "ಬೈದಿದ್ದಕ್ಕನ ಹಿಂಗಾತು."

ತಾಯಿ ಟ್ರಂಕಿನ ಒಂದು ಹಿಡಿಕೆ ಹಿಡಿದಳು, ಮಗಳು ಇನ್ನೊಂದು. ಮಂಗಳೂರಿನ ಬಸ್ಸು ಸಂಜೆಗಿತ್ತು.