ತಿಳಿದೋ ತಿಳಿಯದೆಯೋ

ಮೊಲಮ್ಯಾಯಿನ್ ಪಟ್ಟಣದಾಚೆಯ ಧ್ಯಾನಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಅಡುಗೆ ಮಾಡುತ್ತಿರುವ ದೋ ಮ್ಯಾ ಸೆಯ್ನ್ ಒಂದು ದಿನವೂ ಕಣ್ಣು ಮುಚ್ಚಿ ಕೂತವಳಲ್ಲ. ನೂರು ಜನ ಸಾಧಕರಿಗೆ ಹನ್ನೊಂದು ಗಂಟೆಯೊಳಗೆ ಊಟ ಬಡಿಸಬೇಕು. ಮಧ್ಯಾಹ್ನ ದಾಟಿದರೆ ಅವರು ಅಗುಳು ಮುಟ್ಟುವಂತಿಲ್ಲ. ಹೊಟ್ಟೆ ಏರಿತು, ಹೊಟ್ಟೆ ಇಳಿಯಿತು ಎಂದು ಉಸಿರು ಗಮನಿಸುತ್ತ ಕೂತವರ ಹೊಟ್ಟೆಗೆ ಏನಾದರೂ ಬೀಳಬೇಕಲ್ಲ, ಆ ಚಿಂತೆ ಇವಳದು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೇಂದ್ರದ ಹಿರಿಯ ಭಿಕ್ಷು ಎಷ್ಟೋ ಸಲ ಹೇಳಿ ನೋಡಿದ್ದರು.

"ಮೈತ್ರಿ ಧ್ಯಾನ ಮಾಡಮ್ಮ. ಮೊದಲು ನನಗೆ ಒಳ್ಳೇದಾಗ್ಲಿ ಅನ್ನು, ಆಮೇಲೆ ನಿನ್ನೋರಿಗೆ, ಕೊನೇಲಿ ನಿನಗಾಗದೋರಿಗೆ."

"ಆ ಕೊನೆಯೋನ ಹತ್ರ ಬಂದಾಗ ಸೌಟು ಹಿಡ್ಕೊಂಡು ಎದ್ಬಿಡ್ತೀನಿ, ಸ್ವಾಮಿ."

ಈ ಸಲ ಆ ಕೊನೆಯವನೇ ಹತ್ತು ದಿನದ ಸಾಧನೆಗೆ ಬಂದಿದ್ದ. ಊ ಸಾನ್ ಟಿನ್, ಅವಳ ಹಳ್ಳಿಯ ದೋಣಿ ಮಾಲೀಕ.

ಇಪ್ಪತ್ತು ವರ್ಷದ ಹಿಂದೆ ಒಂದು ಸಂಜೆ, ಅವಳ ಹದಿನಾಲ್ಕರ ಮಗಳಿಗೆ ಗದ್ದೆಯಲ್ಲಿ ಹಾವು ಕಚ್ಚಿತು. ಊರಲ್ಲಿ ಮೋಟಾರು ದೋಣಿ ಇದ್ದದ್ದು ಅವನೊಬ್ಬನದೇ. ಅದನ್ನು ತೊಳೆದು, ಹೂ ಕಟ್ಟಿ ನಿಲ್ಲಿಸಿದ್ದರು. ಪಗೋಡದ ತುದಿಗೆ ಏರಿಸುವ ಚಿನ್ನದ ಛತ್ರ ಮರುದಿನ ಅದರಲ್ಲಿ ಹೋಗಬೇಕಿತ್ತು. "ದಾರೀಲಿ ಹುಡುಗಿ ಹೋಗ್ಬಿಟ್ರೆ ದೋಣಿ ಮೈಲಿಗೆ ಆಗತ್ತೆ. ಇದು ಪುಣ್ಯದ ಕೆಲಸ ಕಣಮ್ಮ" ಅಂದಿದ್ದ. ಬೇರೆ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೊರಟರು. ಆಸ್ಪತ್ರೆಯ ದಡ ಕಾಣುವ ಮೊದಲೇ ಮಗಳ ಮೈ ತಣ್ಣಗಾಯಿತು. ಮರುದಿನ ಅದೇ ನದಿಯಲ್ಲಿ ಛತ್ರ ವಾದ್ಯಸಮೇತ ಹೋಯಿತು, ದಡದ ಜನ ಅವನ ಪುಣ್ಯಕ್ಕೆ ಭೇಷ್ ಎನ್ನುವಂತೆ ಮೂರು ಸಲ ಸಾಧು ಅಂದರು. ಎಂಥ ಪುಣ್ಯವೋ, ಅದಕ್ಕೆ ಬೆಂಕಿ ಬೀಳಲಿ.

ಈಗ ಅವನು ಕಂದು ಶಲ್ಯ ಹೊದ್ದು, ಕಣ್ಣು ಕೆಳಗಿಟ್ಟು, ಒಂದೊಂದೇ ಹೆಜ್ಜೆ ಎಣಿಸುವವನಂತೆ ಓಡಾಡುತ್ತಿದ್ದ. ತರಕಾರಿ ಹೆಚ್ಚುವ ಮಾ ಯಿನ್ ಅವನನ್ನು ನೋಡಿ, "ಎಷ್ಟು ಶಾಂತವಾಗಿದಾರೆ ನೋಡಕ್ಕ" ಅಂದಳು.

"ಇರದೆ ಏನು? ಕಳಕೊಂಡೋಳು ನಾನು."

ಪುಂಡಿ ಸೊಪ್ಪಿನ ಹುಳಿಸಾರಿಗೆ ಅವನ ಪಾಲಿಗಷ್ಟೇ ಹಿಡಿ ಉಪ್ಪು ಸುರಿಯುವ ಆಸೆ ದಿನಾ ಬರುತ್ತಿತ್ತು. ಸುರಿಯಲಿಲ್ಲ. ಸಾರು ಏನು ತಪ್ಪು ಮಾಡಿತ್ತು?

ಹತ್ತನೆಯ ದಿನ ಹೊರಡುವವರೆಲ್ಲ ಪದ್ಧತಿಯಂತೆ ಕ್ಷಮೆ ಕೇಳಲು ಅಡುಗೆಮನೆಗೂ ಬಂದರು. ಊ ಸಾನ್ ಟಿನ್ ಅವಳ ಮುಂದೆ ಮಂಡಿಯೂರಿ, ಕೈಮುಗಿದು, ಕಲಿತ ಪಾಠ ಒಪ್ಪಿಸಿದ: "ಕಾಯದಿಂದ, ಮಾತಿನಿಂದ, ಮನಸ್ಸಿನಿಂದ, ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ."

ಕ್ಷಮಿಸಿದೆ ಅನ್ನುವುದು ರೂಢಿ. ಅವಳು ಅನ್ನಲಿಲ್ಲ.

"ನನ್ನ ಗುರುತು ಸಿಕ್ತಾ?"

"ಮೊದಲನೇ ದಿನಾನೇ ಸಿಕ್ತು, ಅಕ್ಕ."

"ಹಂಗಾದ್ರೆ ತಿಳಿಯದೆಯೋ ಅನ್ನೋದನ್ನ ಬಿಟ್ಟು ಹೇಳು."

"ತಿಳಿದೇ ಮಾಡ್ದೆ."

"ಯಾರಿಗೆ?"

"ನಿಮ್ಮ ಮಗಳಿಗೆ."

"ಅವಳಿಗೆ ಹೆಸರಿರ್ಲಿಲ್ವಾ?"

"ಗೊತ್ತಿಲ್ಲ ಅಕ್ಕ. ಯಾವತ್ತೂ ಕೇಳ್ಲಿಲ್ಲ."

ದೋ ಮ್ಯಾ ಸೆಯ್ನ್‌ಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಅವಳು ಹೊತ್ತು ತಿರುಗಿದ ಹೆಸರು ಅವನ ಕಿವಿಗೂ ಬಿದ್ದಿರಲಿಲ್ಲ.

"ಯುಜನಾ," ಅಂದಳು. "ಇನ್ನೂ ಹತ್ತು ದಿನ ಕೂತ್ಕೊ. ಏರ್ತು, ಇಳೀತು ಅನ್ಬೇಡ. ಉಸಿರು ಒಳಗೆ ಹೋದಾಗ ಯುಜನಾ ಅನ್ನು, ಹೊರಗೆ ಬಂದಾಗ ಯುಜನಾ ಅನ್ನು. ಅನ್ನ ನಾನ್ ಹಾಕ್ತೀನಿ. ಕ್ಷಮೆ ಮಾತು ಆಮೇಲೆ."

ಅವನು ಚೀಲ ಎತ್ತಿಕೊಂಡು ಧ್ಯಾನದ ಕೋಣೆಗೇ ಹಿಂತಿರುಗಿದ.

ಮರುದಿನ ಬಡಿಸುತ್ತ ಬಂದಾಗ ಅವನ ತುಟಿ ಅಲ್ಲಾಡುತ್ತಿತ್ತು. ಅವಳು ಸೌಟು ಹಿಡಿದು ನಿಂತಳು.

"ಕೇಳಿಸ್ಲಿಲ್ಲ."

"ಯುಜನಾ," ಅಂದ ಅವನು.

ಆ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಿ ಇಪ್ಪತ್ತು ವರ್ಷವಾಗಿತ್ತು. ಕೋಪವೇನೂ ಇಳಿಯಲಿಲ್ಲ. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, "ನಾಳೇನೂ ಅನ್ಬೇಕು" ಅಂದು ಮುಂದಿನ ತಟ್ಟೆಗೆ ಹೋದಳು.