ಅರವತ್ತೆರಡು ಮೀಟರ್ ಒಳಗೆ

ನಮ್ಮ ಸರ್ವೆ ಕಚೇರಿಯಲ್ಲಿ ಅವನಿಗೆ ಇಂಚಣ್ಣ ಎಂದೇ ಹೆಸರು. ಮೂವತ್ತು ವರ್ಷ ದೇಶದ ಗಡಿ ಕಲ್ಲುಗಳನ್ನು ಅಳೆದವನು. ಯಾವ ಜಾಗವೇ ಆಗಲಿ, ಆ ಕಡೆಯ ಕಲ್ಲಿನಿಂದ ಒಮ್ಮೆ, ಈ ಕಡೆಯ ಕಲ್ಲಿನಿಂದ ಒಮ್ಮೆ ಅಳೆದು, ಎರಡೂ ತಾಳೆಯಾಗುವ ತನಕ ಪೆನ್ನು ಮುಟ್ಟುತ್ತಿರಲಿಲ್ಲ. ಕಚೇರಿಗೆ ಹೊಸ ಮೇಜು ಬಂದರೂ ಟೇಪು ಹಿಡಿದು ನಿಲ್ಲುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ಅವನ ತಮ್ಮನದು ಗಡಿಯ ಪಕ್ಕದಲ್ಲೇ ಕಾರು ರಿಪೇರಿಯ ಗ್ಯಾರೇಜು. ಒಂದು ಮಧ್ಯಾಹ್ನ ಪಕ್ಕದ ದೇಶದ ಪೊಲೀಸರು ಜೀಪಿನಲ್ಲಿ ನುಗ್ಗಿ, ಕಾರಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದವನನ್ನು ಕಾಲು ಹಿಡಿದು ಎಳೆದು, ಹೊತ್ತುಕೊಂಡು ಹೋದರು. ಅವರ ದೇಶದಲ್ಲಿ ಕದ್ದ ಕಾರುಗಳಿಗೆ ಅವನು ಬಣ್ಣ ಬದಲಿಸಿದನಂತೆ. ಬದಲಿಸಿದನೋ ಇಲ್ಲವೋ, ನನಗೆ ಗೊತ್ತಿಲ್ಲ. ಒಂದು ದೇಶದ ಪೊಲೀಸರು ಇನ್ನೊಂದು ದೇಶದ ನೆಲದಲ್ಲಿ, ಅದರ ಒಪ್ಪಿಗೆಯಿಲ್ಲದೆ ಯಾರನ್ನೂ ಮುಟ್ಟುವಂತಿಲ್ಲ ಎಂಬುದು ಮಾತ್ರ ಗಡಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು.

ಮೂರನೆಯ ದಿನ ನಮ್ಮ ಸಾಹೇಬರು ಇಂಚಣ್ಣನನ್ನು ಒಳಗೆ ಕರೆದು ಬಾಗಿಲು ಹಾಕಿದರು. ನಾನೂ ಕಡತ ಹಿಡಿದು ಅಲ್ಲೇ ನಿಂತಿದ್ದೆ. ಆಚೆಯ ಪೊಲೀಸ್ ಅಧಿಕಾರಿ ಫೋನು ಮಾಡಿದ್ದರಂತೆ. ಮೇಲಿನವರಿಗೆ ತಿಳಿದರೆ ಕೆಲಸಕ್ಕೇ ಸಂಚಕಾರ ಬರುತ್ತದೆ, ಗಲಾಟೆ ಬೇಡ ಎಂದು ಅಂಗಲಾಚಿದ್ದರಂತೆ.

“ಗಡಿ ಗೆರೆ ಮೇಲೇ ಹಿಡಿದ್ರು ಅಂತ ವರದಿ ಬರೆದುಬಿಡಿ. ವಾರದೊಳಗೆ ನಿಮ್ಮ ತಮ್ಮ ಮನೇಲಿರ್ತಾನೆ, ಕೇಸೂ ಇರಲ್ಲ,” ಎಂದರು ಸಾಹೇಬರು.

“ಅಳೀದೆ ಹೇಗೆ ಬರೀಲಿ ಸಾರ್?” ಎಂದ ಇಂಚಣ್ಣ.

ಅಳೆದ. ಎರಡೂ ಕಡೆಯಿಂದ ಅಳೆದ. ಅರವತ್ತೆರಡು ಮೀಟರ್ ಒಳಗೆ, ನಮ್ಮ ನೆಲದಲ್ಲಿ. ಹಾಗೇ ಬರೆದ. ನಾನು ಬೇಡಿಕೊಂಡೆ, ಬೈದೆ, ಏನು ಮಾಡಿದರೂ ಕೇಳಲಿಲ್ಲ. ಹಿಡಿದ ಜಾಗ ತಪ್ಪೆಂದು ಸಾಬೀತಾದರೆ ಹಿಡಿದದ್ದೂ ತಪ್ಪಾಗುತ್ತದೆ, ಆಗ ತಮ್ಮ ಯಾರ ದಯೆಯೂ ಇಲ್ಲದೆ ತಲೆಯೆತ್ತಿಕೊಂಡೇ ಬರುತ್ತಾನೆ ಎಂಬುದು ಅವನ ಲೆಕ್ಕ. ಟೇಪಿನ ಮೇಲಿದ್ದಷ್ಟು ನಂಬಿಕೆ ಅವನಿಗೆ ಯಾರ ಮೇಲೂ ಇರಲಿಲ್ಲ.

ವರದಿ ರಾಜಧಾನಿಗೆ ಹೋಯಿತು. ಅಲ್ಲಿಗೆ ತಮ್ಮನ ವಿಷಯ ಮುಗಿದು ದೇಶದ ಮಾನದ ವಿಷಯ ಶುರುವಾಯಿತು. ಇಷ್ಟು ರಂಪವಾದ ಮೇಲೆ ಅವನನ್ನು ಸದ್ದಿಲ್ಲದೆ ಬಿಡುವುದು ಆಚೆಯವರಿಗೂ ಸಾಧ್ಯವಿರಲಿಲ್ಲ. ಅವರ ನ್ಯಾಯಾಲಯ ನಮ್ಮ ಅಳತೆಯನ್ನು ಚಾಚೂ ತಪ್ಪದೆ ಒಪ್ಪಿತು. ಆದರೆ ಆರೋಪಿಯನ್ನು ಹೇಗೆ ತಂದರು ಎಂಬುದು ಎರಡು ಸರ್ಕಾರಗಳ ನಡುವಿನ ಮಾತು, ಅವನು ಎದುರಿಗೆ ನಿಂತಿದ್ದಾನಲ್ಲ, ವಿಚಾರಣೆಗೆ ಅಷ್ಟು ಸಾಕು ಎಂದಿತು. ಐದು ವರ್ಷ ಶಿಕ್ಷೆ. ಅದೇ ತಿಂಗಳು ಅವರ ಸರ್ಕಾರ ನಮ್ಮ ಸರ್ಕಾರದ ಕ್ಷಮೆ ಕೇಳಿತು. ನಮ್ಮವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು. ಕೈಕುಲುಕಿದ ಫೋಟೋ ಪತ್ರಿಕೆಯಲ್ಲಿ ಬಂತು. ಕಾನೂನಿನ ಕಣ್ಣಲ್ಲಿ ಅನ್ಯಾಯವಾದದ್ದು ನೆಲಕ್ಕೆ, ಕಾಲು ಹಿಡಿದು ಎಳೆಸಿಕೊಂಡವನಿಗಲ್ಲ. ಥೂ, ಇವರ ಮರ್ಯಾದೆಗಿಷ್ಟು.

ಆ ಕ್ಷಮಾಪಣೆಯ ಪ್ರತಿಯನ್ನು ತಮ್ಮನ ಹೆಂಡತಿಗೆ ಓದಿ ಹೇಳಲು ಇಂಚಣ್ಣ ಹೊರಟ. ಒಬ್ಬನೇ ಹೋಗುವ ಧೈರ್ಯ ಸಾಲದೆ ನನ್ನನ್ನೂ ಕರೆದ. ಅವಳು ಒಣಗಿದ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡಳು. ತಪ್ಪು ಒಪ್ಪಿಕೊಂಡರಲ್ಲ, ಹಾಗಾದರೆ ಯಾವಾಗ ಬಿಡುತ್ತಾರೆ ಎಂದಳು. ಬಿಡುವುದಿಲ್ಲ ಎಂದ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಎದ್ದು ಬರಬಹುದಿತ್ತು. ಅರ್ಧ ಹೇಳಿ ಇಂಚಣ್ಣನಿಗೆ ಅಭ್ಯಾಸವಿಲ್ಲ. ಸಾಹೇಬರ ಕೋಣೆಯ ಮಾತನ್ನೂ ಹೇಳಿಬಿಟ್ಟ.

ಅವಳ ಕೈ ನಿಂತಿತು. ಅಳಲಿಲ್ಲ.

“ಅವರ ದೇಶ ನಮ್ಮ ದೇಶದ ಕ್ಷಮೆ ಕೇಳ್ತು,” ಎಂದಳು. “ನೀವು ಯಾರ ಕ್ಷಮೆ ಕೇಳ್ತೀರಿ ಭಾವ?”

ತಮ್ಮನ ಕ್ಷಮೆಯನ್ನೇ ಕೇಳಬೇಕೆಂದು ಇಂಚಣ್ಣ ಮಾರನೆಯ ದಿನವೇ ಜೈಲು ಭೇಟಿಗೆ ಅರ್ಜಿ ಹಾಕಿದ. ಆಚೆಯವರು ತಿರಸ್ಕರಿಸಿದರು. ಅವರ ದೇಶದ ವಿರುದ್ಧ ವರದಿ ಬರೆದವರಿಗೆ ಗಡಿ ದಾಟಲು ಅನುಮತಿ ಇಲ್ಲವಂತೆ.